ಬೆನ್ನ ಹಿಂದಿನ ಕೈಗಳು

ಲಾಂಡ್ರಿಯ ಬಾಗಿಲು ತೆರೆದಿತ್ತು. ಮೊದಲು ಕಂಡದ್ದು ಹಬೆ. ಆಮೇಲೆ ರಕ್ತ.

ದೊಡ್ಡ ರೋಲರ್ ಇಸ್ತ್ರಿ ಯಂತ್ರದ ಬುಡದಲ್ಲಿ ಮೇಸ್ತ್ರಿ ಬಿದ್ದಿದ್ದರು. ತಲೆಯ ಹಿಂಭಾಗ ಒಡೆದಿತ್ತು. ಪಕ್ಕದಲ್ಲೇ ಹಳೆಯ ಕಬ್ಬಿಣದ ಇಸ್ತ್ರಿ ಪೆಟ್ಟಿಗೆ. ಆ ಒಡೆದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಇಸ್ತ್ರಿಯವನು ಕೂತಿದ್ದ. ಬಿಳಿ ಟವೆಲೊಂದನ್ನು ಗಾಯಕ್ಕೆ ಒತ್ತಿ ಹಿಡಿದಿದ್ದ. ಟವೆಲು ಬಿಳಿಯಾಗಿ ಉಳಿದಿರಲಿಲ್ಲ.

ಕಂಡವಳು ಸೋಪಜ್ಜಿ. ತೊಳೆಯುವ ಯಂತ್ರಗಳಿಗೆ ಸೋಪು ಹಾಕುವುದು ಅವಳ ಕೆಲಸ, ಹೆಸರು ಹಾಗೇ ಅಂಟಿಕೊಂಡಿತ್ತು. ಅವಳು ಕೂಗಿದ ಕೂಗಿಗೆ ಬೀದಿಗೆ ಬೀದಿಯೇ ಎದ್ದು ಬಂತು. ಇಸ್ತ್ರಿಯವನು ಮಾತ್ರ ತಲೆ ಎತ್ತಲಿಲ್ಲ. ಅವನಿಗೆ ಹುಟ್ಟಿನಿಂದಲೇ ಕಿವಿ ಕೇಳದು. ಮಾತೂ ಇಲ್ಲ. ಇರುವ ಮಾತೆಲ್ಲ ಕೈಯಲ್ಲಿ.

ಪೊಲೀಸರು ಬಂದರು. ಮೇಸ್ತ್ರಿಯನ್ನು ಆಂಬುಲೆನ್ಸಿಗೆ ಹಾಕಿದರು. ಇಸ್ತ್ರಿಯವನಿಗೆ ಬೇಡಿ ತೊಡಿಸಿ ಜೀಪಿಗೆ ಹಾಕಿದರು. ಅವನನ್ನು ಯಾರೂ ಏನೂ ಕೇಳಲಿಲ್ಲ. ಕಿವುಡನನ್ನು ಕೇಳುವುದೇನು?

ಜೀಪು ಹೊರಟ ಧೂಳಿನಲ್ಲೇ ವಕೀಲೆ ಆಟೋದಿಂದ ಇಳಿದಳು. ಎಡಗಾಲು ಪೋಲಿಯೋಗೆ ಹೋಗಿತ್ತು. ಕಂಕುಳಲ್ಲಿ ಊರುಗೋಲು. ಕೋರ್ಟಿನವರು ಬೆನ್ನ ಹಿಂದೆ ಅವಳನ್ನು ‘ಟಕ್‌ಟಕ್ ಲಾಯರು’ ಎನ್ನುತ್ತಿದ್ದರು. ಅವಳಿಗೆ ಗೊತ್ತಿತ್ತು. ಬೇಕೆಂದೇ ಇನ್ನಷ್ಟು ಜೋರಾಗಿ ಊರುತ್ತಿದ್ದಳು.

ಹಿಂದಿನ ಸಂಜೆ ಮೇಸ್ತ್ರಿ ಅವಳಿಗೆ ಫೋನ್ ಮಾಡಿದ್ದರು. “ನಾಳೆ ಕೆಲಸ ಶುರುವಾಗೋ ಮುಂಚೆ ಬನ್ನಿ ಮೇಡಂ. ರೋಲರ್ ಕೇಸಿಂದು ಒಂದು ಮಾತಿದೆ. ಒಬ್ರೇ ಬನ್ನಿ.”

ಒಬ್ಬಳೇ ಬಂದಿದ್ದಳು. ಹೇಳುವವರು ಹೋಗಿಬಿಟ್ಟಿದ್ದರು.

“ಉಸಿರಿತ್ತಾ ಅಜ್ಜಿ?”

“ಇತ್ತು ಕಣಮ್ಮ. ಈಗ ಫೋನ್ ಬಂತು. ದಾರೀಲೇ ಹೋಯ್ತಂತೆ.”

*

ರೋಲರ್ ಕೇಸು ಅಂದರೆ ಇಷ್ಟೇ. ಆ ಯಂತ್ರ ತಿರುಗುವ ಮುಂಚೆ ಸೈರನ್ ಕೂಗುತ್ತದೆ. ಕೈ ತೆಗೆಯಿರಿ ಎಂದು ಅದರ ಅರ್ಥ. ಅಲ್ಲಿ ಕೆಲಸ ಮಾಡುವವರಲ್ಲಿ ಮುಕ್ಕಾಲು ಪಾಲು ಕಿವುಡರು. ಗದ್ದಲದ ಕೆಲಸಕ್ಕೆ ಕಿವುಡರೇ ಲೇಸು ಎಂದು ಮಾಲೀಕ ಆರಿಸಿ ಆರಿಸಿ ತಂದವರು. ಸೈರನ್ ಜೊತೆಗೆ ಒಂದು ಕೆಂಪು ದೀಪ ಹಾಕಿಸಿ ಎಂದು ಅವರು ಕೇಳಿ ಕೇಳಿ ಸೋತರು. ದೀಪ ಬರಲಿಲ್ಲ. ರೋಲರ್ ಬಂತು. ಬೆಡ್‌ಶೀಟು ಬಿಡಿಸುತ್ತಿದ್ದ ಹೆಂಗಸೊಬ್ಬಳ ಬಲಗೈಯನ್ನು ಎಳೆದುಕೊಂಡು ಬೇಯಿಸಿತು.

ವಕೀಲೆ ಕೇಸು ಹಾಕಿದಳು. ಕಾರ್ಮಿಕ ಅಧಿಕಾರಿಯ ಮುಂದೆ ಮೊದಲ ವಿಚಾರಣೆಯಲ್ಲೇ ಕೇಸು ಮುಗ್ಗರಿಸಿತು. ಆ ಹೆಂಗಸು ಉಳಿದೊಂದು ಕೈಯಲ್ಲಿ ಏನೇನೋ ಹೇಳಿದಳು. ಸನ್ನೆ ಮಾಸ್ತರರು ಅದನ್ನು ಬಾಯಿಮಾತಿಗೆ ತಂದರು: “ತಪ್ಪು ನಂದೇ ಅಂತಿದಾಳೆ. ಆತುರದಲ್ಲಿ ಕೈ ಹಾಕಿದೆ ಅಂತಿದಾಳೆ.”

ವಕೀಲೆ ದಂಗಾದಳು. ಆದರೆ ಏನು ಮಾಡುವುದು? ಅವಳಿಗೆ ಕೈಭಾಷೆಯಲ್ಲಿ ಬರುತ್ತಿದ್ದದ್ದು ಎರಡೇ ಹೆಸರು. ಎರಡು ಬೆರಳಿಂದ ಮೇಜು ಕುಟ್ಟಿದರೆ ಟಕ್‌ಟಕ್, ಅಂದರೆ ಅವಳು. ತುಟಿ ಮುಟ್ಟಿದ ಬೆರಳನ್ನು ಅಂಗೈಗೆ ಇಳಿಸಿದರೆ ಮಾಸ್ತರರು. ಉಳಿದದ್ದಕ್ಕೆಲ್ಲ ಮಾಸ್ತರರೇ ಗತಿ. ಅವಳಿಗೊಬ್ಬಳಿಗಲ್ಲ. ಕೋರ್ಟಿಗೆ, ಆಸ್ಪತ್ರೆಗೆ, ಠಾಣೆಗೆ, ಆ ಸುತ್ತಲ ಕಿವುಡರಿಗೆಲ್ಲ ಇದ್ದದ್ದು ಅದೊಂದೇ ಬಾಗಿಲು.

*

ಠಾಣೆಗೆ ಮೆಟ್ಟಿಲು. ನ್ಯಾಯ ಸಿಗುವ ಜಾಗಕ್ಕೆಲ್ಲ ಮೆಟ್ಟಿಲೇ. ಹಿಡಿದುಕೊಳ್ಳಲು ಒಂದು ಕಂಬಿ ಇಲ್ಲ. ಕೆಳಗಿನ ಮೆಟ್ಟಿಲ ಮೇಲೆ ಒಬ್ಬಳು ಕೂತಿದ್ದಳು. ಇಸ್ತ್ರಿಯವನ ಅಕ್ಕ.

“ಲಾಯರಮ್ಮ, ಒಳಗೆ ಬಿಡ್ತಿಲ್ಲ ನನ್ನ. ಅವನಿಗೆ ಮೊದಲ್ನೇ ಸನ್ನೆ ಕಲಿಸಿದ್ದೇ ನಾನು. ‘ಹಸಿವು’ ಅಂತ. ಅವನ ಮಾತು ನನಗೆ ಗೊತ್ತಾಗಲ್ವಾ?”

“ಯಾಕೆ ಬಿಡಲ್ವಂತೆ?”

“ಅಕ್ಕ ಅಲ್ವಾ, ತಮ್ಮನ ಕಡೆಗೇ ಹೇಳ್ತೀಯ ಅಂತಾರೆ. ಸಂಜೆ ಜಡ್ಜ್ ಮುಂದೆ ನಿಲ್ಲಿಸಿ ಜೈಲಿಗೆ ಹಾಕ್ತಾರಂತೆ. ಬಡಿದ್ರೆ ತಡ್ಕೊಳ್ತಾನೆ, ಉಪವಾಸ ಹಾಕಿದ್ರೂ ತಡ್ಕೊಳ್ತಾನೆ. ಜೈಲಲ್ಲಿ ಅವನ ಹತ್ರ ಮಾತಾಡೋರು ಯಾರಮ್ಮ? ಬದುಕಿಡೀ ಒಂದು ಮಾತಿಲ್ದೆ ಗೋಡೆ ನೋಡ್ಕೊಂಡು ಕೂರ್ಬೇಕಾ?”

ವಕೀಲೆ ಊರುಗೋಲನ್ನು ಬಲವಾಗಿ ಊರಿದಳು. ಮೆಟ್ಟಿಲು ಹತ್ತಿದಳು.

ಇನ್‌ಸ್ಪೆಕ್ಟರ್ ಚಹಾ ಕುಡಿಯುತ್ತಿದ್ದ. “ಬನ್ನಿ ಮೇಡಂ. ನಿಮಗೆ ಕೆಲಸವೇ ಇಟ್ಟಿಲ್ಲ. ಒಪ್ಕೊಂಡಾಯ್ತು.”

“ಯಾರ ಹತ್ರ?”

“ನಿಮ್ಮ ಮಾಸ್ತರ ಹತ್ರಾನೇ. ಫೋನ್ ಮಾಡಿದ ತಕ್ಷಣ ಬಂದ್ರು ಪಾಪ. ಬಸ್ ಸ್ಟಾಪಲ್ಲಿದ್ದರಂತೆ.” ಎರಡು ಹಾಳೆ ಮುಂದೆ ತಳ್ಳಿದ. ಮೇಸ್ತ್ರಿ ರಜೆ ಕೊಡಲಿಲ್ಲ, ಎಲ್ಲರ ಮುಂದೆ ಬೈದರು, ಹಗೆ ಬೆಳೆಯಿತು, ಬೆಳಿಗ್ಗೆ ಬೇಗ ಬಂದೆ, ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡೆ, ಹಿಂದಿನಿಂದ ಹೊಡೆದೆ, ನಾನೇ ಕೊಂದೆ. ಪುರಾಣದಂತೆ ಸರಾಗವಾಗಿತ್ತು.

ಮಾಸ್ತರರು ಮೂಲೆಯ ಬೆಂಚಿನಿಂದ ಎದ್ದು ಬಂದರು. ಮುಖ ಬಾಡಿತ್ತು. “ನಂಬೋಕಾಗಲ್ಲ ಮೇಡಂ. ಮಗು ಥರ ಇದ್ದ.”

ವಕೀಲೆ ಅವರನ್ನು ನೋಡಿದಳು. ಏನೋ ಕಣ್ಣಿಗೆ ಚುಚ್ಚಿತು. ಪಟ್ಟೆ ಅಂಗಿ. ಮಾಸ್ತರರು ಬಣ್ಣದ ಅಂಗಿ ಹಾಕಿದ್ದನ್ನು ಅವಳು ಕಂಡೇ ಇರಲಿಲ್ಲ. ಯಾವಾಗಲೂ ಕಪ್ಪು. ಸನ್ನೆ ಮಾಡುವವರ ಕಸುಬೇ ಹಾಗೆ: ಹಿಂದೆ ಕಪ್ಪಿದ್ದರೆ ಬೆರಳು ಎದ್ದು ಕಾಣುತ್ತವೆ, ಪಟ್ಟೆಯಿದ್ದರೆ ನೋಡುವವರ ಕಣ್ಣು ಕಲಸುತ್ತದೆ.

“ಏನಿದು, ಇವತ್ತು ಮದುವೆ ಗಂಡಿನ ಥರ?”

“ಗಡಿಬಿಡೀಲಿ ಕೈಗೆ ಸಿಕ್ಕಿದ್ದು ಹಾಕ್ಕೊಂಡು ಬಂದೆ ಮೇಡಂ.”

ಲಾಕಪ್ಪಿನಲ್ಲಿ ಇಸ್ತ್ರಿಯವನು ಗೋಡೆಗೆ ಒರಗಿದ್ದ. ಕೈಗಳು ಬೆನ್ನ ಹಿಂದೆ, ಬೇಡಿಯಲ್ಲಿ. ವಕೀಲೆಯನ್ನು ಕಂಡು ಕಣ್ಣರಳಿಸಿದ. ಮುಂದಕ್ಕೆ ಧಾವಿಸಿದ. ಅವಳ ಹಿಂದೆ ಮಾಸ್ತರರು ಕಂಡರು. ಅಷ್ಟೇ. ಅವನ ಗಂಟಲಿಂದ ಒಂದು ಕೂಗು ಬಂತು. ಕಂಬಿಗೆ ಹಣೆ ಚಚ್ಚಿಕೊಂಡ. ಮಾಸ್ತರರು ಕೈ ಎತ್ತಿ ಏನೋ ಹೇಳಹೋದರು. ಅವನು ಕಣ್ಣು ಬಿಗಿಯಾಗಿ ಮುಚ್ಚಿಬಿಟ್ಟ.

“ನೋಡಿದ್ರಾ?” ಮಾಸ್ತರರು ಉಸಿರುಬಿಟ್ಟರು. “ಬೆಳಿಗ್ಗೆಯಿಂದ ಹೀಗೇ. ಮಾಡಿದ್ದು ಮನಸ್ಸನ್ನ ತಿಂತಾ ಇದೆ. ನನ್ನ ಮುಖ ನೋಡೋಕಾಗ್ತಿಲ್ಲ ಅವನಿಗೆ.”

ಕೇಳುವವರು ಕಿವಿ ಮುಚ್ಚಿಕೊಳ್ಳುತ್ತಾರೆ. ಕೇಳದವರು ಕಣ್ಣು. ಯಾಕೆ ಮುಚ್ಚಿದ? ವಕೀಲೆಗೆ ಬಗೆಹರಿಯಲಿಲ್ಲ. ಆಗ ಅವಳ ತಲೆಯಲ್ಲಿದ್ದದ್ದು ಒಬ್ಬನೇ. ಲಾಂಡ್ರಿಯ ಮಾಲೀಕ.

*

ಮಾಲೀಕ ಮೈತುಂಬ ಬಿಳಿ ಉಟ್ಟಿದ್ದ. ಕೂತ ಕುರ್ಚಿಯಿಂದ ಏಳಲಿಲ್ಲ.

“ಮೇಸ್ತ್ರಿ ನನಗೇನೋ ಹೇಳೋರಿದ್ದರು,” ಅಂದಳು ವಕೀಲೆ. “ಅವರ ಬಾಯಿ ಮುಚ್ಚಿದ್ರೆ ನಿಮಗೇ ಲಾಭ.”

“ಏನಮ್ಮ ಮಾತಾಡ್ತೀರಿ? ಈ ಯಂತ್ರಗಳು ಯಾವಾಗ ಕೆಮ್ತಾವೆ, ಯಾವಾಗ ಸೀನ್ತಾವೆ ಅಂತ ಗೊತ್ತಿದ್ದದ್ದು ಅವನಿಗೊಬ್ಬನಿಗೇ. ಉಣ್ಣೋ ಕೈನ ಯಾರಾದ್ರೂ ಕಡ್ಕೊಳ್ತಾರಾ?”

“ಬೆಳಿಗ್ಗೆ ಎಲ್ಲಿದ್ರಿ?”

“ಆಸ್ಪತ್ರೇಲಿ. ನನ್ನ ಹೆಂಡ್ತಿಗೆ ಡಯಾಲಿಸಿಸ್. ಬೆಳಗಿನ ಜಾವದಿಂದ ಪಕ್ಕದಲ್ಲೇ ಕೂತಿದ್ದೆ. ನರ್ಸಮ್ಮನ್ನ ಕೇಳಿ.”

ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದಳು. ನಿಜ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಾಲೀಕ ಹಲ್ಲು ಕಿರಿದ. “ಅಲ್ಲದೆ ಮೇಡಂ, ನಿಮ್ಮ ಕೇಸು ಹೆಂಗಿದ್ರೂ ಸತ್ತೋಗಿತ್ತು. ಆ ಹೆಂಗ್ಸೇ ತಪ್ಪು ಒಪ್ಕೊಂಡ್ಳಲ್ಲ? ನಾನ್ಯಾಕೆ ಹೆದರ್ಲಿ? ಕಿವುಡರ ಮೇಲೆ ನನಗೂ ಕರುಣೆ ಇದೆ. ಹಿಂದಿನ ಗೋದಾಮನ್ನ ಮಾಸ್ತರಿಗೆ ಬಿಟ್ಕೊಡ್ತಿದೀನಿ. ಕಿವುಡು ಮಕ್ಕಳ ಶಾಲೆ ಮಾಡ್ತಾರಂತೆ.”

ಕರುಣೆ. ಆ ಪದ ಕಿವಿಗೆ ಬಿದ್ದರೆ ವಕೀಲೆಗೆ ಮೈ ಉರಿಯುತ್ತಿತ್ತು. ಕರುಣೆ ಇದ್ದವರ ಹತ್ತಿರ ಗೋದಾಮು ಇರುತ್ತದೆ. ಒಂದು ಕೆಂಪು ದೀಪ ಇರುವುದಿಲ್ಲ.

ಆದರೆ ಗೋದಾಮಿನ ವಿಷಯ ಮಾಸ್ತರರು ತನಗೆ ಯಾಕೆ ಹೇಳಿರಲಿಲ್ಲ?

*

ತೊಳೆಯುವ ವಿಭಾಗದಲ್ಲಿ ಜಗಳ ಹತ್ತಿತ್ತು. ಆಸ್ಪತ್ರೆಗೆ ಬೆಡ್‌ಶೀಟು ಹೋಗಲೇಬೇಕು, ಸಾವಾದರೂ ಸರಿ. ಯಂತ್ರದಿಂದ ತೆಗೆದ ಬೆಡ್‌ಶೀಟುಗಳ ರಾಶಿಯ ಮುಂದೆ ಸೋಪಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಬಿಳಿ ಇರಬೇಕಾದ ಬಟ್ಟೆಯೆಲ್ಲ ಬೂದು.

“ಯಾವ ಕತ್ತೆ ಮಾಡಿದ ಕೆಲಸ ಇದು? ಆಸ್ಪತ್ರೆ ಬಟ್ಟೆ ಜೊತೆ ಕರಿ ಅಂಗಿ! ಅದೂ ಕುದಿಯೋ ನೀರಿಗೆ! ಬಣ್ಣ ಬಿಡದೆ ಏನು ಆಶೀರ್ವಾದ ಮಾಡುತ್ತಾ?”

“ಯಾರು ಹಾಕಿದ್ದು ಅಜ್ಜಿ?”

“ನಾ ಬರೋ ಹೊತ್ಗೆ ತಿರುಗ್ತಾ ಇತ್ತು. ಮೇಸ್ತ್ರೀನೇ ಶುರು ಮಾಡಿದಾರೆ ಅಂದ್ಕೊಂಡೆ.”

“ಇಸ್ತ್ರಿಯವನು ಹಾಕಿರಬಹುದಾ?”

“ಅವನಾ? ಹೋಗಮ್ಮ! ಇಲ್ಲಿ ಕಾಲಿಟ್ಟ ದಿನ ಕಲಿಸೋದೇ ಬಿಳಿ ಬೇರೆ, ಬಣ್ಣ ಬೇರೆ ಅಂತ. ನಿದ್ದೇಲಿ ಎಬ್ಬಿಸಿದ್ರೂ ಅವನು ಈ ತಪ್ಪು ಮಾಡಲ್ಲ. ಇದು ಹೊರಗಿನವರ ಕೆಲಸ.” ಅಜ್ಜಿ ಒದ್ದೆ ಅಂಗಿಯನ್ನು ಎತ್ತಿ ತೋರಿಸಿದಳು. “ಕರಿ ಅಂದ್ರೆ ನಿಮ್ಮೋರೇ ಅಲ್ವಾ ಹಾಕೋದು? ನಿಮ್ಮ ಕೋಟು ಅಲ್ಲ ತಾನೇ?”

ವಕೀಲೆಗೆ ನಗು ಬರಲಿಲ್ಲ.

“ಅದರ ಮೇಲೆ ಹೋಟೆಲಿನವರ ಅಂಗೀಲಿ ಒಂದು ಕಮ್ಮಿ,” ಅಜ್ಜಿ ಗೊಣಗಿದಳು. ಸಾಲಾಗಿ ತೂಗುಹಾಕಿದ ಪಟ್ಟೆ ಅಂಗಿಗಳು. ನಡುವೆ ಒಂದು ಖಾಲಿ ಹ್ಯಾಂಗರು.

ಅಷ್ಟರಲ್ಲಿ ಯಾರೋ ವಕೀಲೆಯ ತೋಳು ಹಿಡಿದು ಜಗ್ಗಿದರು. ರೋಲರಿಗೆ ಕೈ ಕೊಟ್ಟ ಹೆಂಗಸು. ಬಲಗೈ ಮೊಣಕೈವರೆಗೂ ಬ್ಯಾಂಡೇಜು. ಎಡಗೈಯಿಂದ ಕರಿ ಅಂಗಿಯನ್ನು ತೋರಿಸಿದಳು. ಆಮೇಲೆ ತುಟಿ ಮುಟ್ಟಿ ಬೆರಳನ್ನು ಬ್ಯಾಂಡೇಜಿನ ಮೇಲೆ ಇಳಿಸಿದಳು. ಮಾಸ್ತರರು.

“ಮಾಸ್ತರನ್ನ ಕರೀಬೇಕಾ? ತಾಳು.” ವಕೀಲೆ ಫೋನು ತೆಗೆದಳು.

ಹೆಂಗಸು ಫೋನಿನ ಮೇಲೆ ಪಟ್ಟನೆ ಹೊಡೆದಳು. ತಲೆಯನ್ನು ಜೋರಾಗಿ ಅಲ್ಲಾಡಿಸಿದಳು. ಮತ್ತೆ ಅಂಗಿ. ಮತ್ತೆ ತುಟಿಯಿಂದ ಬ್ಯಾಂಡೇಜಿಗೆ. ಮುಂದೆ ಇನ್ನೂ ಏನೋ ಹೇಳಹೋದಳು. ಬ್ಯಾಂಡೇಜಿನ ಕೈ ಏಳಲಿಲ್ಲ. ಒಂದೇ ಕೈಯಲ್ಲಿ ಮಾತು ಅರ್ಧಕ್ಕೇ ತುಂಡಾಯಿತು. ಸೋತು ಕೈ ಇಳಿಬಿಟ್ಟಳು. ಕಣ್ಣಲ್ಲಿ ನೀರು.

ವಕೀಲೆ ಕಲ್ಲಾಗಿ ನಿಂತಳು.

ಒಂದು ಕೈ ಇಲ್ಲದ್ದಕ್ಕೇ ಮಾತು ಅರ್ಧ. ಎರಡೂ ಇಲ್ಲದಿದ್ದರೆ?

ಲಾಕಪ್ಪು ಕಣ್ಣ ಮುಂದೆ ಬಂತು. ಗೋಡೆಗೆ ಒರಗಿದವನು. ಬೆನ್ನ ಹಿಂದಿನ ಕೈಗಳು. ಎರಡು ಹಾಳೆ ತುಂಬ ಮಾತು.

ಆಮೇಲೆ ಹಿಂದಿನ ಸಂಜೆ ಬಂತು. ಮೇಸ್ತ್ರಿಯ ಫೋನು ಇಟ್ಟ ಕೂಡಲೇ ತಾನೇ ಮಾಸ್ತರರಿಗೆ ಫೋನ್ ಮಾಡಿ ಹೇಳಿದ್ದ ಮಾತು: “ನಾಳೆ ಬೆಳಿಗ್ಗೆ ನೀವು ಬರೋದು ಬೇಡ. ಮೇಸ್ತ್ರಿ ರೋಲರ್ ಕೇಸಿನ ಬಗ್ಗೆ ಮಾತಾಡ್ಬೇಕಂತೆ. ಒಬ್ಬಳೇ ಬಾ ಅಂದಿದಾರೆ.”

ಕರಿ ಅಂಗಿಯನ್ನು ಅಜ್ಜಿಯ ಕೈಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದಳು. “ಅವನನ್ನ ಜಡ್ಜ್ ಹತ್ರ ಈಗಲೇ ಕರ್ಕೊಂಡು ಹೋಗ್ಬೇಡಿ. ಮಾಸ್ತರನ್ನೂ ಅಲ್ಲೇ ಕೂರಿಸಿ. ಅವರ ಸಹಾಯ ಬೇಕು ಅನ್ನಿ.”

*

ಠಾಣೆಯಲ್ಲಿ ಎಲ್ಲರೂ ಇದ್ದರು. ಇನ್‌ಸ್ಪೆಕ್ಟರ್, ಮಾಸ್ತರರು, ಕಂಬಿಯ ಹಿಂದೆ ಇಸ್ತ್ರಿಯವನು. ವಕೀಲೆ ಅಕ್ಕನನ್ನು ಕೈಹಿಡಿದು ಒಳಗೆ ಕರೆತಂದಳು. ಸೋಪಜ್ಜಿ ಕರೆಯದೆಯೇ ಬಂದಳು.

“ಸಾಹೇಬ್ರೆ, ಇವನಿಗೆ ಬೇಡಿ ಯಾವಾಗ ಹಾಕಿದ್ರಿ?”

“ಲಾಂಡ್ರೀಲೇ. ಮೊದಲು ಮುಂದಕ್ಕೇ ಹಾಕಿದ್ವಿ. ಇಲ್ಲಿ ಮಾಸ್ತರು ಬಂದ ಕೂಡ್ಲೇ ಮೈಮೇಲೆ ಬಿದ್ದ. ಇವನು ಅಪಾಯ, ಹಿಂದಕ್ಕೆ ಹಾಕಿ ಅಂತ ಮಾಸ್ತರೇ ಅಂದ್ರು.”

“ಆಮೇಲೆ ಬಿಚ್ಚಿದ್ರಾ?”

“ಇಲ್ಲ. ನೀರು ಕೂಡ ಪೇದೆನೇ ಕುಡಿಸಿದ.”

“ಹೇಳಿಕೆ ಬರ್ಕೊಂಡಿದ್ದು?”

“ಹಿಂದಕ್ಕೆ ಹಾಕಿದ ಮೇಲೆ.”

“ಹಾಗಾದ್ರೆ ಈ ಎರಡು ಹಾಳೆ ಇವನು ಯಾವ ಬಾಯಲ್ಲಿ ಹೇಳಿದ?”

ಇನ್‌ಸ್ಪೆಕ್ಟರ್ ಹಾಳೆ ನೋಡಿದ. ಕಂಬಿಯ ಹಿಂದೆ ನೋಡಿದ. ಅವನ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

“ನಿಮ್ಮ ಬಾಯಿಗೆ ಬಟ್ಟೆ ತುರುಕ್ತೀನಿ ಸಾಹೇಬ್ರೆ. ಎರಡು ಹಾಳೆ ಹೇಳಿಕೆ ಕೊಡಿ ನೋಡೋಣ. ಇವನ ನಾಲಿಗೆ ಬೆನ್ನ ಹಿಂದೆ ಕಟ್ಟಿಹಾಕಿದೀರಿ. ಠಾಣೇಲಿ ಇಷ್ಟು ಜನ ಇದ್ರಿ. ಒಬ್ಬರ ಕಣ್ಣಿಗೂ ಬೀಳಲಿಲ್ಲ.”

ಮಾಸ್ತರರು ಮೆಲ್ಲಗೆ ಕೆಮ್ಮಿದರು. “ಮುಖಭಾವದಲ್ಲೂ ಹೇಳ್ತಾರೆ ಮೇಡಂ. ತಲೆ ಆಡಿಸ್ತಾರೆ.”

“ತಲೆ ಆಡಿಸಿ, ‘ರಜೆ ಕೊಡಲಿಲ್ಲ, ಅದಕ್ಕೆ ಹಿಂದಿನಿಂದ ಹೊಡೆದೆ’ ಅಂದನಾ? ನೀವು ಕೈ ಎತ್ತಿದ್ರೆ ಅವನು ಕಣ್ಣೇ ತೆರೀತಿಲ್ಲ. ಪ್ರಶ್ನೆನೇ ನೋಡದವನು ಉತ್ತರ ಹೇಗೆ ಕೊಟ್ಟ?” ವಕೀಲೆ ಚೀಲದಿಂದ ಒದ್ದೆ ಅಂಗಿ ತೆಗೆದು ಮೇಜಿನ ಮೇಲೆ ಹರಡಿದಳು. “ಇದು ಲಾಂಡ್ರೀಲಿ ಸಿಕ್ತು. ಕೊಂದವನ ಅಂಗಿ. ರಕ್ತ ಮೆತ್ತಿಕೊಂಡಿತ್ತು, ಬೀದಿಗೆ ಇಳಿಯೋ ಹಾಗಿರಲಿಲ್ಲ. ತುಂಬಿಟ್ಟಿದ್ದ ಯಂತ್ರಕ್ಕೆ ತುರುಕಿ ಗುಂಡಿ ಒತ್ತಿದ. ಬಿಳಿ ಬಟ್ಟೆ ಬೂದಾಗುತ್ತೆ ಅನ್ನೋದು ಲಾಂಡ್ರಿಯವನಿಗೆ ಗೊತ್ತು, ಇವನಿಗೆ ಗೊತ್ತಿರಲಿಲ್ಲ. ಬರೀ ಮೈಯಲ್ಲಿ ಹೊರಗೆ ಹೋಗೋದು ಹೇಗೆ? ಅಲ್ಲೇ ತೂಗುಹಾಕಿದ್ದ ಒಂದು ಹೋಟೆಲ್ ಅಂಗಿ ಹಾಕ್ಕೊಂಡ. ಅಜ್ಜಿ, ನೀವು ಹೋಟೆಲಿನವರ ಅಂಗಿ ಹೇಗೆ ಗುರುತು ಹಿಡೀತೀರಿ?”

“ಕತ್ತಿನ ಪಟ್ಟಿ ಒಳಗೆ ಕೆಂಪು ದಾರದಲ್ಲಿ ಮೂರು ಹೊಲಿಗೆ ಹಾಕಿರ್ತೀವಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮಾಸ್ತರರ ಕೈ ತಾನಾಗಿ ಕತ್ತಿನ ಪಟ್ಟಿಗೆ ಹೋಯಿತು.

ಎಲ್ಲರೂ ನೋಡಿದರು. ಸೋಪಜ್ಜಿ ನೇರ ಹೋಗಿ ಪಟ್ಟಿ ಮಗುಚಿದಳು. ಕೆಂಪು ದಾರ.

“ನಮ್ಮದೇ ಕಣಪ್ಪ,” ಅಂದಳು. ಅವಳ ದನಿ ಸಣ್ಣಗಾಗಿತ್ತು.

ಪೇದೆ ಬಾಗಿಲಿಗೆ ಅಡ್ಡ ನಿಂತ. ಮಾಸ್ತರ ಬೆಂಚಿನ ಮೇಲೆ ಕುಸಿದ. ಇನ್ನು ಅವನಿಗೆ ಬಹುವಚನ ಯಾಕೆ?

“ವಿಚಾರಣೆ ದಿನ ಆ ಹೆಂಗಸು ನಿಜವಾಗ್ಲೂ ಏನು ಹೇಳಿದ್ಲು?” ವಕೀಲೆ ಕೇಳಿದಳು.

ಮಾಸ್ತರ ನೆಲ ನೋಡುತ್ತಲೇ ಅಂದ: “ದೀಪ ಕೇಳಿ ಕೇಳಿ ಸಾಕಾಯ್ತು ಅಂದ್ಲು.”

“ನೀವು ಅದನ್ನ ‘ತಪ್ಪು ನಂದೇ’ ಅಂತ ಮಾಡಿದ್ರಿ. ಗೋದಾಮಿಗಾಗಿ.”

“ಶಾಲೆಗಾಗಿ!” ಅವನು ತಲೆ ಎತ್ತಿದ. “ಆ ಕೈ ಹೇಗಿದ್ರೂ ಹೋಗಿತ್ತು ಮೇಡಂ. ಒಂದು ಕೈ. ಅಷ್ಟು ಮಕ್ಕಳಿಗೆ ಭಾಷೆ ಸಿಗ್ತಿತ್ತು. ಮೇಸ್ತ್ರಿ ವರ್ಷಗಟ್ಟಲೆ ಅವರ ಜೊತೆ ಇದ್ದು ಸನ್ನೆ ಕಲ್ತುಬಿಟ್ಟಿದ್ದ. ಅವತ್ತು ಹಿಂದಿನ ಸಾಲಲ್ಲೇ ಕೂತಿದ್ದ, ನನಗೆ ಗೊತ್ತಾಗಲಿಲ್ಲ. ನಿಮಗೆ ಹೇಳ್ಬೇಡ ಅಂತ ಬೆಳಿಗ್ಗೆ ಕಾಲಿಗೆ ಬಿದ್ದು ಕೇಳ್ಕೊಂಡೆ. ಬೆನ್ನು ತಿರುಗಿಸಿ ಹೊರಟ. ಕೈಗೆ ಪೆಟ್ಟಿಗೆ ಸಿಕ್ತು.” ಕಂಬಿಯ ಕಡೆ ಕೈ ಮಾಡಿದ. “ನಾನು ಹೊರಗೆ ಬರೋವಾಗ ಇವನು ಗೇಟಲ್ಲಿ ಎದುರಾದ.”

“ಅದಕ್ಕೇ ಬೇಡಿ ಹಿಂದಕ್ಕೆ ಹಾಕಿಸಿದ್ರಿ,” ಅಂದಳು ವಕೀಲೆ. “ನೋಡಿದವನು ಒಬ್ಬನೇ. ಅವನಿಗೆ ಇದ್ದ ಬಾಯಿ ನೀವೊಬ್ಬರೇ.”

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆ ಬೇಲಿಯ ಹತ್ತಿರ ಹಿಂದಿನ ಸಂಜೆ ಮಾತು ಒಯ್ದವಳು ತಾನೇ. ವಕೀಲೆ ಅದನ್ನು ಇನ್‌ಸ್ಪೆಕ್ಟರಿಗೆ ಹೇಳಿದಳು. ಬರೆದುಕೊಳ್ಳಲು ಹೇಳಿದಳು. ಕೈಭಾಷೆ ಕಲಿಯದೆ ಕೈಯವರ ಪರ ವಾದಿಸಹೊರಟವಳಿಗೆ ಆ ಸಾಲು ಕಡತದಲ್ಲಿ ಇರಬೇಕಿತ್ತು.

*

ಬೇಡಿ ಬಿಚ್ಚಿದರು.

ಇಸ್ತ್ರಿಯವನ ಮಣಿಕಟ್ಟು ಊದಿ ನೀಲಿಗಟ್ಟಿತ್ತು. ಬೆರಳು ಮಡಿಯುತ್ತಿರಲಿಲ್ಲ. ಅಕ್ಕ ನೆಲದ ಮೇಲೆ ಕೂತು ಅವನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜಿದಳು. ಒಂದೊಂದೇ ಬೆರಳು. ಮಾತು ಮರಳುವುದನ್ನು ಇಡೀ ಠಾಣೆ ಕಾಯುತ್ತಿತ್ತು.

ಇನ್‌ಸ್ಪೆಕ್ಟರ್ ಹೊಸ ಹಾಳೆ ತೆಗೆದ. ಈ ಸಲ ದನಿಯಲ್ಲಿ ಮರ್ಯಾದೆ ಇತ್ತು. “ಕೇಳಮ್ಮ. ಬೆಳಿಗ್ಗೆ ಏನು ನೋಡಿದ, ನಿಧಾನಕ್ಕೆ ಹೇಳಲಿ.”

ಅಕ್ಕ ಕೇಳಿದಳು. ಅವನು ಅವಳ ಕೈಯನ್ನೇ ನೋಡಿದ. ಆಮೇಲೆ ಊದಿದ ಕೈಯನ್ನು ಎತ್ತಿದ. ತಲೆಯ ಹಿಂಭಾಗ ಮುಟ್ಟಿಕೊಂಡ. ಟವೆಲು ಒತ್ತಿ ಹಿಡಿದಂತೆ ಮಾಡಿದ. ಅಂಗೈ ಮೇಲಕ್ಕೆ ತಿರುಗಿಸಿ, ಹುಬ್ಬೇರಿಸಿ, ಅಕ್ಕನ ಮುಖವನ್ನೇ ನೋಡುತ್ತ ಕಾದ.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಏನಂತೆ?” ಇನ್‌ಸ್ಪೆಕ್ಟರ್ ಕೇಳಿದ.

“ರಕ್ತ ನಿಂತಿತಾ ಅಂತಿದಾನೆ. ಮೇಸ್ತ್ರಿಗೆ ಈಗ ಹೇಗಿದೆ ಅಂತ ಕೇಳ್ತಿದಾನೆ.”

ಮೇಜಿನ ಮೇಲೆ ಬೆಳಗಿನ ಎರಡು ಹಾಳೆ ಇನ್ನೂ ಬಿದ್ದಿದ್ದವು. ನಾನೇ ಕೊಂದೆ ಎಂದು ಕೊನೆಯ ಸಾಲು.

ಮೇಸ್ತ್ರಿ ತೀರಿಕೊಂಡರೆಂದು ಅವನಿಗೆ ಯಾರೂ ಹೇಳಿಯೇ ಇರಲಿಲ್ಲ.

ಪೆನ್ನು ಹಿಡಿದ ಇನ್‌ಸ್ಪೆಕ್ಟರಿನ ಕೈ ಹಾಳೆಯ ಮೇಲೆ ಹಾಗೇ ನಿಂತಿತು.

“ಬರ್ಕೊಳ್ಳಿ ಸಾಹೇಬ್ರೆ,” ಅಂದಳು ವಕೀಲೆ. “ಇವನ ಮೊದಲನೇ ಮಾತು ಇದು.”